ಮೂರನೆಯ ಪೊರಕೆ

ನನ್ನ ಬಾಯಿ ಸರಿಯಿಲ್ಲ ಎಂದು ಊರಿಗೆಲ್ಲ ಗೊತ್ತು. ಇರಲಿ, ಕಣ್ಣು ಸರಿಯಾಗಿದೆ. ಮೂವತ್ತೊಂದು ವರ್ಷ ಆ ಕಣ್ಣನ್ನು ನಂಬಿಕೊಂಡೇ ಅನ್ನ ತಿಂದವಳು ನಾನು. ಅಂಥವಳು ಮೂಗಿನ ಕೆಳಗಿದ್ದದ್ದನ್ನು ನೋಡದೆ ಹೋದೆನಲ್ಲ, ಅದನ್ನು ಹೇಳಿಕೊಳ್ಳಬೇಕು.

ನಮ್ಮೂರಿನಲ್ಲಿ ಯಾವುದೂ ಒಂಟಿಯಾಗಿ ಹೊರಗೆ ಹೋಗುವುದಿಲ್ಲ. ಜೋಡಿಯಲ್ಲಿ ಒಂದೇ ಒಂದು ಊರ ಗಡಿಕಲ್ಲನ್ನು ದಾಟಿತೋ, ಹೋದದ್ದಕ್ಕೂ ಒಂದು ಜೊತೆ ಬಂದಿರುತ್ತದೆ, ಮನೆಯಲ್ಲಿ ಉಳಿದದ್ದಕ್ಕೂ ಒಂದು ಜೊತೆ ಬಂದಿರುತ್ತದೆ. ಎಡಗಾಲಿನ ಚಪ್ಪಲಿಯನ್ನು ನಾಯಿ ಕಚ್ಚಿಕೊಂಡು ಕಲ್ಲಿನಾಚೆ ಓಡಿತು ಅನ್ನಿ, ನೀವು ಬಯ್ದು ಮುಗಿಸುವಷ್ಟರಲ್ಲಿ ಬಾಗಿಲ ಬಳಿ ಹೊಸ ಎಡಗಾಲಿನದು ಕೂತಿರುತ್ತದೆ. ಅಳತೆ ಸರಿ, ಬಣ್ಣ ಸರಿ, ಆದರೆ ಹೊಸದು ಕಚ್ಚುತ್ತದೆ. ನಮ್ಮೂರಿನವರ ಹಿಮ್ಮಡಿ ನೋಡಿದರೆ ಯಾವ ಊರಿನವರೆಂದು ಹೇಳಬಹುದು. ಕಿವಿಯೋಲೆ ಕಳೆದುಕೊಂಡವಳು ಅಳುತ್ತಾ ಕೂರುವುದಿಲ್ಲ, ಉಳಿದ ಒಂದನ್ನು ಮುಷ್ಟಿಯಲ್ಲಿ ಹಿಡಿದು ಕಲ್ಲು ದಾಟಿ ಹೋಗಿಬರುತ್ತಾಳೆ.

ಮನುಷ್ಯರಿಗೂ ಇದೇ. ಸಂತೆಗೆ ಹೋಗಿ ಸಂಜೆಗೆ ಬರುವವರಿಗೆ ಏನೂ ಆಗುವುದಿಲ್ಲ. ಜೊತೆ ಹುಟ್ಟಬೇಕಾದರೆ ಬೇರುಸಮೇತ ಕಿತ್ತುಕೊಂಡು ಹೋಗಬೇಕು. ಮಗಳನ್ನು ಗಂಡನ ಮನೆಗೆ ಕಳಿಸಿ ಕಣ್ಣೊರೆಸಿಕೊಂಡು ಬಂದ ತಾಯಿಗೆ ಜಗಲಿಯ ಮೇಲೆ ಯಾರೋ ಕೂತಿರುವುದು ಕಾಣುತ್ತದೆ. ಅವರನ್ನು ನಾವು ‘ಬಂದವರು’ ಅನ್ನುತ್ತೇವೆ. ಎಲ್ಲಿಂದ ಬಂದಿರಿ ಎಂದು ಕೇಳುವ ಪದ್ಧತಿಯಿಲ್ಲ, ಅವರಿಗೂ ಗೊತ್ತಿರುವುದಿಲ್ಲ. ಒಂದು ತಟ್ಟೆ ಹೆಚ್ಚಿಗೆ ತೊಳೆಯುತ್ತೇವೆ, ಅಷ್ಟೆ.

ನನ್ನ ತಂಗಿ ವನಮಾಲೆ ಊರು ಬಿಟ್ಟದ್ದು ಅವಳಿಗೆ ಇಪ್ಪತ್ತೆರಡಾದಾಗ. ಅಪ್ಪ ಅಮ್ಮ ಇಲ್ಲದ ಮನೆ, ಇಬ್ಬರೇ ಇದ್ದೆವು. ಬಂದರಿನ ಆಸ್ಪತ್ರೆಯಲ್ಲಿ ದಾದಿಯ ಕೆಲಸ ಸಿಕ್ಕಿದೆ ಎಂದಳು. “ಹೋಗೋದಾದ್ರೆ ಹೋಗು, ಮತ್ತೆ ಈ ಹೊಸ್ತಿಲು ತುಳೀಬೇಡ” ಎಂದೆ. ಬಾಯಿ ಸರಿಯಿಲ್ಲ ಎಂದು ಮೊದಲೇ ಹೇಳಿದೆನಲ್ಲ. ಅವಳು ಟ್ರಂಕು ಎತ್ತಿಕೊಂಡು ನಡೆದಳು. ನಾನು ಹಿತ್ತಲಿಗೆ ಹೋಗಿ ಒಗೆದ ಬಟ್ಟೆಯನ್ನೇ ಮತ್ತೆ ಒಗೆದೆ. ಒಳಗೆ ಬಂದರೆ ಜಗಲಿಯಲ್ಲಿ ಒಬ್ಬಳು ಹುಡುಗಿ ಸೇವಂತಿಗೆ ಕುಂಡ ನೋಡುತ್ತಾ ಕೂತಿದ್ದಳು. ಒದ್ದೆ ತಲೆ, ಬರಿಗಾಲು. ನನ್ನನ್ನು ನೋಡಿದವಳೇ ಎದ್ದು ನಿಂತು, “ಅಕ್ಕಾ, ಊಟ ಆಯ್ತಾ?” ಎಂದಳು.

“ಯಾರೇ ನಿನಗೆ ಅಕ್ಕ?” ಎಂದೆ.

ಆ ಮಾತನ್ನು ಅವಳು ಮರೆಯಲಿಲ್ಲ. ಅಂದಿನಿಂದ ನಾನು ಅವಳಿಗೆ ‘ಇಂದುಮತಿಯವರು’. ಹೆಸರೇನೆಂದು ಕೇಳಿದಾಗ ಕುಂಡದ ಕಡೆ ನೋಡಿ ಸೇವಂತಿ ಎಂದಳು. ರೇಷನ್ ಕಾರ್ಡಿಗೆ ಸೇರಿಸುವಾಗ ‘ಸಂಬಂಧ’ ಎಂಬ ಕಾಲಂನಲ್ಲಿ ಏನು ಬರೆಯಲಿ ಎಂದು ಗುಮಾಸ್ತ ಕೇಳಿದ. ‘ಇತರೆ’ ಎಂದು ಬರೆಸಿದೆ. ಇಪ್ಪತ್ತೇಳು ವರ್ಷ ಅವಳು ಆ ಕಾರ್ಡು ಹಿಡಿದು ಅಕ್ಕಿ ತಂದಳು, ಬೇಳೆ ತಂದಳು. ಒಂದು ದಿನವೂ ಏನೂ ಅನ್ನಲಿಲ್ಲ. ನಾನು ಜ್ವರದಲ್ಲಿ ಹನ್ನೊಂದು ದಿನ ಮಲಗಿದ್ದಾಗ ಹನ್ನೊಂದು ದಿನವೂ ನನ್ನ ಮಂಚದ ಕಾಲಿಗೆ ಒರಗಿಕೊಂಡೇ ಇದ್ದಳು. ಎದ್ದಮೇಲೆ ನಾನು ಹೇಳಿದ ಮೊದಲ ಮಾತು ಸಾರಿಗೆ ಉಪ್ಪು ಜಾಸ್ತಿ ಎಂದು.

ಇನ್ನು ನನ್ನ ಕೆಲಸದ ವಿಷಯ. ಊರ ಗುಡ್ಡದ ಕೆಳಗೆ ಬಳೆಯ ಹಾಗೆ ದುಂಡಗೆ ಒಂದು ಸುರಂಗ ಕೊರೆದಿದ್ದಾರೆ. ಅದರೊಳಗೆ ಕಣ್ಣಿಗೆ ಕಾಣದ ಕಣಗಳನ್ನು ಎದುರುಬದುರಾಗಿ ಓಡಿಸಿ ಡಿಕ್ಕಿ ಹೊಡೆಸುತ್ತಾರೆ. ಡಿಕ್ಕಿಯಿಂದ ಚಿಮ್ಮಿದವು ಹಾದುಹೋದ ದಾರಿ ಗಾಜಿನ ಹಲಗೆಯ ಮೇಲೆ ಸಣ್ಣ ಸಣ್ಣ ಗೆರೆಯಾಗಿ ಮೂಡುತ್ತದೆ. ಆ ಗಾಜುಗಳನ್ನು ಭೂತಗನ್ನಡಿಯಲ್ಲಿ ನೋಡಿ, ಗೆರೆಗಳನ್ನು ಅಳೆದು, ಫಾರಂ ತುಂಬುವವರು ನಾವು ಆರು ಜನ ಹೆಂಗಸರು. ಸೇವಂತಿಗೂ ಅಲ್ಲೇ ಕೆಲಸ ಕೊಡಿಸಿದ್ದೆ, ನನ್ನ ಪಕ್ಕದ ಮೇಜಿನಲ್ಲಿ. ಗೆರೆಗಳು ಒಂದೊಂದೇ ಹೋಗುವುದಿಲ್ಲ, ಗುಂಪಾಗಿ ಹೋಗುತ್ತವೆ. ಬುಡದಲ್ಲಿ ಒತ್ತಾಗಿದ್ದು ತುದಿಯಲ್ಲಿ ಕೆದರಿಕೊಳ್ಳುತ್ತವೆ. ನಮ್ಮ ಮೇಲಿನ ವೃಷಭೇಂದ್ರಯ್ಯ ಮೇಷ್ಟ್ರು ಅದಕ್ಕೆ ಜೆಟ್ ಅನ್ನುತ್ತಾರೆ. ನಾವು ಪೊರಕೆ ಅನ್ನುತ್ತೇವೆ.

ಸೇರಿದ ಹೊಸದರಲ್ಲಿ ಮೇಷ್ಟ್ರನ್ನು ಕೇಳಿದ್ದೆ, ಈ ಪೊರಕೆ ಎಣಿಸಿ ನಿಮಗೆ ಆಗಬೇಕಾದ್ದೇನು ಎಂದು. ಅವರು ಕೋಪಿಸಿಕೊಳ್ಳುವ ಜನವಲ್ಲ. “ಒಳಗಿನ ಚೂರು ಇದೆಯಲ್ಲಮ್ಮ, ಅದನ್ನ ಒಂಟಿಯಾಗಿ ಯಾರೂ ನೋಡಿಲ್ಲ. ಎರಡು ಚೂರನ್ನ ಬೇರೆ ಮಾಡೋಕೆ ಹೋದ್ರೆ ಮಧ್ಯದ ಎಳೆ ಬಿಡಲ್ಲ. ಬೇರೆ ಬಲಗಳೆಲ್ಲ ದೂರ ಆದಷ್ಟೂ ಸೋಲ್ತವೆ, ಇದು ಸೋಲಲ್ಲ. ಎಳೆದೂ ಎಳೆದೂ ಕೊನೆಗೆ ಹರೀತು ಅಂದ್ರೆ, ಹರಿದ ತುದಿಗೆಲ್ಲ ಹೊಸ ಜೊತೆ ಹುಟ್ಟಿಕೊಳ್ಳುತ್ತೆ. ಹಾಗೆ ಹುಟ್ಟಿದ್ದೆಲ್ಲ ಗುಂಪಾಗಿ ಚಿಮ್ಮುತ್ತೆ ನೋಡಿ, ಅದೇ ನಿಮ್ಮ ಪೊರಕೆ. ಅದನ್ನ ಅಳೆದ್ರೆ ಆ ಎಳೆಯ ಗುಣ ಗೊತ್ತಾಗುತ್ತೆ.”

“ಇದಕ್ಕೆ ಸುರಂಗ ಯಾಕೆ ಬೇಕಿತ್ತು ಸ್ವಾಮಿ? ನಮ್ಮನೆ ಬಾಗಿಲಲ್ಲಿರೋ ಚಪ್ಪಲಿ ನೋಡಿದ್ರೆ ಸಾಕಿತ್ತು. ಅಂಗೈ ಹುಣ್ಣಿಗೆ ಕನ್ನಡಿ ಯಾಕೆ?” ಎಂದೆ. ಉಳಿದವರೆಲ್ಲ ನಕ್ಕರು. ಮೇಷ್ಟ್ರು ಮಾತ್ರ ಅದನ್ನು ಪುಸ್ತಕದಲ್ಲಿ ಬರೆದುಕೊಂಡರು.

ಒಂದು ಗಾಜಿನಲ್ಲಿ ಸಾಮಾನ್ಯವಾಗಿ ಎರಡು ಪೊರಕೆ, ಬೆನ್ನಿಗೆ ಬೆನ್ನು ಮಾಡಿಕೊಂಡು. ಫಾರಂನಲ್ಲಿ ಮೊದಲನೆಯ ಪೊರಕೆಗೆ ಒಂದು ಕಾಲಂ, ಎರಡನೆಯದಕ್ಕೆ ಒಂದು. ಕೊನೆಯಲ್ಲಿ ಸಣ್ಣದೊಂದು ಕಾಲಂ, ಎರಡಕ್ಕೂ ಸೇರದ ಗೆರೆಗಳಿಗೆ. ಅದರ ತಲೆಬರಹವೂ ‘ಇತರೆ’. ಈ ಕಡೆಯ ಜೋರು, ಆ ಕಡೆಯ ಜೋರು ಕೂಡಿದರೆ ಒಂದನ್ನೊಂದು ಸರಿತೂಗಬೇಕು. ತೂಗದಿದ್ದರೆ ‘ಅಳತೆ ದೋಷ’ ಎಂದು ಬರೆದು ಕೈತೊಳೆದುಕೊಳ್ಳುವುದು ನನ್ನ ಅಭ್ಯಾಸ. ಹಿರಿಯಳು ನಾನು, ನೋಡಿ ಕಲಿತ ಉಳಿದವರ ಅಭ್ಯಾಸವೂ ಅದೇ ಆಯಿತು.

ಹೀಗಿರುವಾಗ ಈ ಮಾಘದಲ್ಲಿ ವನಮಾಲೆಯ ಕಾಗದ ಬಂತು. ಇಪ್ಪತ್ತೇಳು ವರ್ಷಗಳಲ್ಲಿ ಯುಗಾದಿಗೊಂದು ಕಾರ್ಡು ಬಿಟ್ಟರೆ ಬೇರೆ ಕಾಗದವಿಲ್ಲ. ಅದರಲ್ಲೂ ‘ಚೆನ್ನಾಗಿದ್ದೇನೆ’ ಎಂಬ ಒಂದೇ ಸಾಲು. ನಾನೂ ಅಷ್ಟೇ ಬರೆಯುತ್ತಿದ್ದೆ, ಸೋಲುವವರು ಯಾರು? ಈ ಸಲದ್ದು ಮೂರು ಸಾಲು. ‘ಅಕ್ಕಾ, ಮುಂದಿನ ಗುರುವಾರ ಬೆಳಗಿನ ಬಸ್ಸಿಗೆ ಬರುತ್ತೇನೆ. ಎಂಟು ದಿನ ಇರುತ್ತೇನೆ. ಈ ಸಲ ಧೈರ್ಯ ಮಾಡಿದ್ದೇನೆ.’

ಖುಷಿಗೆ ಇನ್ನೆರಡು ಸಲ ಓದಿದೆ. ನನ್ನ ಬಾಯಿಗೆ ಹೆದರಿ ಬಂದಿರಲಿಲ್ಲ, ಈಗ ಧೈರ್ಯ ಮಾಡಿದ್ದಾಳೆ ಎಂದುಕೊಂಡೆ. ಮರುಕ್ಷಣವೇ ಕಾಗದ ಮಡಚಿಬಿಟ್ಟೆ. ಒಳಗೆ ಸೇವಂತಿ ರೊಟ್ಟಿ ತಟ್ಟುವ ಸದ್ದು ಕೇಳುತ್ತಿತ್ತು.

ನಮ್ಮೂರಲ್ಲಿ ಒಂದು ಮಾತಿದೆ, ಹೋದವರು ಬಂದರೆ ಬಂದವರು ಹೋಗುತ್ತಾರೆ ಎಂದು. ಚಪ್ಪಲಿಯಲ್ಲಿ ನೋಡಿದವರಿದ್ದಾರೆ. ಕಳೆದುಹೋದದ್ದನ್ನು ಹುಡುಕಿ ತಂದು ಹಳೆಯ ಜೊತೆಯ ಪಕ್ಕ ಇಟ್ಟರೆ ಕೆಲವು ಸಲ ಹೊಸದು ಇಲ್ಲವಾಗುತ್ತದೆ, ಕೆಲವು ಸಲ ಇದ್ದಲ್ಲೇ ಇರುತ್ತದೆ. ಮನುಷ್ಯರಲ್ಲಿ ನಡೆದದ್ದು ಒಮ್ಮೆ ಮಾತ್ರ. ಗಾಣದ ದಾಸಪ್ಪನ ಅಣ್ಣ ವಾಪಸು ಬಂದ ಮರುದಿನ, ದಾಸಪ್ಪನಿಗೆ ಬಂದಿದ್ದವನು ಎಲ್ಲೂ ಕಾಣಲಿಲ್ಲ. ಅವನು ಬಸ್ಸಿನ ಕಂಡಕ್ಟರನ ತಂಗಿಯ ಜೊತೆ ಓಡಿಹೋದ ಎಂದೂ ಕೆಲವರು ಹೇಳುತ್ತಾರೆ. ಯಾವುದನ್ನು ನಂಬುವುದು?

ಕಾಗದವನ್ನು ಅಕ್ಕಿ ಡಬ್ಬದಲ್ಲಿ ಬಚ್ಚಿಟ್ಟೆ. ಅಡುಗೆ ಮಾಡುವವಳಿಂದ ಮುಚ್ಚಿಡಬೇಕಾದ್ದನ್ನು ಅಕ್ಕಿ ಡಬ್ಬದಲ್ಲಿ ಇಡುವವಳ ಬುದ್ಧಿಗೆ ಏನು ಹೇಳೋಣ! ಮಧ್ಯಾಹ್ನದ ಅನ್ನಕ್ಕೆ ಅಕ್ಕಿ ತೆಗೆದವಳು ಸೇವಂತಿಯೇ. ಅಂದು ಸಂಜೆ ಮೂರು ಸೇರು ನಿಂಬೆಹಣ್ಣು ತಂದು ಉಪ್ಪಿನಕಾಯಿಗೆ ಹೆಚ್ಚತೊಡಗಿದಳು. ಮರುದಿನ ಕೌದಿ ಒಗೆದು ಹೊಲಿಗೆ ಬಿಟ್ಟಲ್ಲೆಲ್ಲ ಹೊಲಿದಳು. ಅದರ ಮರುದಿನ ನನ್ನ ಮಾತ್ರೆಗಳನ್ನು ಬೆಳಗಿನವು, ರಾತ್ರಿಯವು ಎಂದು ಬೇರೆ ಮಾಡಿ, ಡಬ್ಬಿಗಳ ಮೇಲೆ ದಪ್ಪ ಅಕ್ಷರದಲ್ಲಿ ಬರೆದಿಟ್ಟಳು. ನನಗೆ ತಡೆಯಲಾಗಲಿಲ್ಲ.

“ಏನಿದೆಲ್ಲ? ಯಾತ್ರೆಗೆ ಹೊರಟಿದೀಯಾ?”

“ಅವರು ಬಂದ ಮೇಲೆ ನಿಮಗೆ ಅನುಕೂಲ ಆಗ್ಲಿ ಅಂತ ಇಂದುಮತಿಯವರೇ. ಅವರಿಗೆ ನಿಮ್ಮ ಮಾತ್ರೆ ಗೊತ್ತಿರಲ್ವಲ್ಲ.”

ನನಗೆ ಬಂದ ಸಿಟ್ಟಿಗೆ ಲೆಕ್ಕವಿಲ್ಲ. ಅಂಚೆ ಕಾರ್ಡು ತೆಗೆದು ವನಮಾಲೆಗೆ ಬರೆದೆ: ‘ಈಗ ಬರಬೇಡ. ಮನೆಗೆ ಸುಣ್ಣ ಹೊಡೆಸುತ್ತಿದ್ದೇನೆ.’ ಅಂಚೆ ಡಬ್ಬಿಗೆ ಹಾಕಲು ಹೊರಟವಳ ಕೈಯಿಂದ ಸೇವಂತಿ ಅದನ್ನು ಕಿತ್ತುಕೊಂಡಳು. ಅಷ್ಟು ವರ್ಷಗಳಲ್ಲಿ ಅವಳು ನನ್ನ ಕೈಯಿಂದ ಏನನ್ನಾದರೂ ಕಿತ್ತುಕೊಂಡದ್ದು ಅದೇ ಮೊದಲು.

“ಒಡಹುಟ್ಟಿದವರನ್ನ ಬರಬೇಡ ಅನ್ನಬಾರದು. ಒಂದು ಸಲ ಅಂದು ಇಪ್ಪತ್ತೇಳು ವರ್ಷ ಒಳಗೊಳಗೇ ಅತ್ತಿದೀರಿ. ನನಗೆ ಗೊತ್ತಿಲ್ವಾ?”

“ನೀನು ಹೋಗಿಬಿಟ್ರೆ?”

“ನಾನು ಬಂದಿದ್ದೇ ಅವರ ಜಾಗಕ್ಕೆ ಅಲ್ವಾ.” ಅಷ್ಟು ಹೇಳಿ ಕಾರ್ಡನ್ನು ಒಲೆಗೆ ಹಾಕಿದಳು.

ಮಂಗಳವಾರ ನಾವು ಗಾಜು ನೋಡುವ ಕೋಣೆಯಲ್ಲಿ ನನ್ನ ಮುಂದೆ ಒಂದು ಎಡವಟ್ಟು ಗಾಜು ಬಂತು. ಎರಡು ಪೊರಕೆ ಸರಿಯಾಗಿ ಬೆನ್ನಿಗೆ ಬೆನ್ನಾಗಿಲ್ಲ, ಒಂದು ಕಡೆಗೆ ಬಾಗಿವೆ. ಪಕ್ಕಕ್ಕೆ ಹತ್ತೋ ಹನ್ನೆರಡೋ ಗೆರೆ ಬೇರೆಯಾಗಿ ಬಿದ್ದಿವೆ. ಇಂಥವು ಆಗಾಗ ಬರುತ್ತವೆ. ಗೆರೆಗಳನ್ನು ‘ಇತರೆ’ಗೆ ತಳ್ಳಿ, ಮೊತ್ತ ತೂಗದೆ ಇದ್ದಾಗ ‘ಅಳತೆ ದೋಷ’ ಎಂದು ಬರೆದೆ.

ಸೇವಂತಿ ಪಕ್ಕದಿಂದ ಬಗ್ಗಿ ನೋಡಿದಳು. “ಕಡಿಮೆ ಬಿದ್ದಿರೋದು ಎಷ್ಟು ಅಂತ ನೋಡಿದ್ರಾ? ಆ ಇತರೆಯಲ್ಲಿರೋದನ್ನೂ ಕೂಡಿ ನೋಡಿ.”

“ಕಸವನ್ನೆಲ್ಲ ಕೂಡೋಕಾಗುತ್ತಾ?”

“ಕಸ ಅಂತ ಯಾರು ಹೇಳಿದ್ದು?” ಎಂದಳು. ಗಟ್ಟಿಯಾಗಿಯೇ ಎಂದಳು. ಉಳಿದ ನಾಲ್ವರೂ ಭೂತಗನ್ನಡಿ ಕೆಳಗಿಟ್ಟರು.

ಕೂಡಿದೆ. ಕಡಿಮೆ ಬಿದ್ದದ್ದು ಎಷ್ಟಿತ್ತೋ ‘ಇತರೆ’ಯಲ್ಲಿ ಅಷ್ಟೇ ಇತ್ತು, ಅದೇ ದಿಕ್ಕಿನಲ್ಲಿ. ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಿಲ್ಲ. ಗಾಜನ್ನು ಇನ್ನೊಮ್ಮೆ ಬೆಳಕಿಗೆ ಹಿಡಿದೆ. ಚದುರಿಬಿದ್ದ ಗೆರೆಗಳು ಎಂದುಕೊಂಡಿದ್ದವು ಚದುರಿರಲಿಲ್ಲ. ಬುಡದಲ್ಲಿ ಒತ್ತಾಗಿ, ತುದಿಯಲ್ಲಿ ಕೆದರಿಕೊಂಡು, ಉಳಿದೆರಡಕ್ಕಿಂತ ತೆಳ್ಳಗೆ, ಅಚ್ಚುಕಟ್ಟಾದ ಪೊರಕೆ. ಒಲೆಯ ಮೂರು ಕಲ್ಲಿನ ಹಾಗೆ ಮೂರು ದಿಕ್ಕಿಗೆ ಮೂರು.

ಮೇಷ್ಟ್ರನ್ನು ಕೂಗಿದೆ. ಅವರು ನೋಡಿದರು, ಕನ್ನಡಕ ಒರೆಸಿ ಮತ್ತೆ ನೋಡಿದರು. ಬೀರುವಿನಿಂದ ಹಳೆಯ ಗಾಜುಗಳನ್ನೆಲ್ಲ ಇಳಿಸಿದೆವು. ನಾನು ‘ಅಳತೆ ದೋಷ’ ಎಂದು ಬರೆದಿದ್ದವುಗಳಲ್ಲೇ ನಲವತ್ತಕ್ಕೂ ಹೆಚ್ಚು ಗಾಜುಗಳಲ್ಲಿ ಮೂರನೆಯದು ಇತ್ತು. ಮೊದಲಿನಿಂದಲೂ ಇತ್ತು. ಕಾಲಂ ಎರಡೇ ಇದ್ದುದರಿಂದ ನಾನು ಎರಡೇ ನೋಡಿದ್ದೆ. ನಾಚಿಕೆಯಿಂದ ನನ್ನ ಮುಖ ಬಿಸಿಯಾಯಿತು.

“ಈ ಮೂರನೇದು ಯಾವ ಚೂರಿಂದು ಸ್ವಾಮಿ?” ಎಂದು ಕೇಳಿದೆ.

“ಯಾವ ಚೂರಿಂದೂ ಅಲ್ಲಮ್ಮ. ಕಟ್ಟಿ ಹಿಡಿದಿತ್ತಲ್ಲ ಎಳೆ, ಅದೇ ಹೊರಗೆ ಬಂದಿದೆ. ಎರಡು ಚೂರು ದೂರ ಹಾರೋ ರಭಸಕ್ಕೆ ಆ ಬಂಧದ್ದೇ ಒಂದು ತುಣುಕು ಸಿಡಿದು, ತಾನೇ ಒಂದು ಪೊರಕೆ ಆಗಿ ಹೊರಟಿದೆ. ಇದನ್ನ ನೋಡೋಕೆ ಅಂತಲೇ ನಾನು ಇಷ್ಟು ವರ್ಷ ಕಾದಿದ್ದು.” ನನ್ನನ್ನು ಒಂದು ಮಾತೂ ಬಯ್ಯಲಿಲ್ಲ, ಅದಕ್ಕೇ ಹೆಚ್ಚು ನೋವಾಯಿತು.

“ಹಾಗಾದ್ರೆ ಅದು ಯಾರ ಜಾಗಕ್ಕೂ ಬಂದಿದ್ದಲ್ಲ?”

“ಅಲ್ಲ. ಅದಕ್ಕೆ ಅದರದ್ದೇ ಜಾಗ.”

ಸೇವಂತಿ ತಲೆತಗ್ಗಿಸಿ ಗಾಜಿನ ಅಂಚನ್ನು ಬಟ್ಟೆಯಿಂದ ಒರೆಸುತ್ತಿದ್ದಳು. ಒರೆಸಿದ್ದನ್ನೇ ಮತ್ತೆ ಒರೆಸುತ್ತಿದ್ದಳು. ನಾನು ಮೇಷ್ಟ್ರನ್ನು ಬಾಗಿಲಾಚೆಗೆ ಕರೆದು ಇನ್ನೊಂದು ಮಾತು ಕೇಳಿದೆ. ಆ ಎರಡು ಚೂರು ಮತ್ತೆ ಹತ್ತಿರ ಬಂದರೆ ಮೂರನೆಯದು ಏನಾಗುತ್ತದೆ? ಅವರಿಗೆ ನಮ್ಮ ಮನೆಯ ವಿಷಯ ಗೊತ್ತಿತ್ತು.

“ಸಿಡಿದ ಪೊರಕೆ ವಾಪಸು ಹೋಗಿದ್ದನ್ನ ನಾನಂತೂ ನೋಡಿಲ್ಲಮ್ಮ. ಆದ್ರೆ ನೋಡಿಲ್ಲ ಅಂದ ಮಾತ್ರಕ್ಕೆ ಆಗಲ್ಲ ಅಂತ ಹೇಳಿದ್ರೆ ನಿಮಗೆ ಸುಳ್ಳು ಹೇಳಿದ ಹಾಗಾಗುತ್ತೆ.”

ಬುಧವಾರ ಅರ್ಧ ದಿನ ರಜೆ ಹಾಕಿ ರೇಷನ್ ಕಚೇರಿಗೆ ಹೋದೆ. ಅದೇ ಗುಮಾಸ್ತ, ಈಗ ತಲೆ ನರೆತಿದೆ. ಸಂಬಂಧದ ಕಾಲಂ ತಿದ್ದಬೇಕು, ತಂಗಿ ಎಂದು ಬರಿ ಎಂದೆ. “ನಿಮಗೆ ಒಬ್ಬರೇ ತಂಗಿ ಅಲ್ವೇನಮ್ಮಾ?” ಎಂದ. “ಎಣಿಸೋದು ನನ್ನ ಕೆಲಸ, ಬರೆಯೋದು ನಿನ್ನ ಕೆಲಸ. ಬರಿ” ಎಂದೆ. ಅಳಿಸಲಾಗದ ಇಂಕಿನಲ್ಲೇ ಬರೆಸಿದೆ.

ಗುರುವಾರ ಬೆಳಿಗ್ಗೆ ಇಬ್ಬರೂ ಗಡಿಕಲ್ಲಿಗೆ ನಡೆದೆವು. ಬಸ್ಸು ಕಲ್ಲಿನಿಂದಾಚೆ ಇಪ್ಪತ್ತು ಮಾರು ದೂರದಲ್ಲಿ ನಿಲ್ಲುತ್ತದೆ, ಒಳಗೆ ಬರುವುದಿಲ್ಲ. ಸೇವಂತಿ ಇದ್ದುದರಲ್ಲಿ ಒಳ್ಳೆಯ ಸೀರೆ ಉಟ್ಟಿದ್ದಳು, ಹೊಸ ಚಪ್ಪಲಿ ಕಚ್ಚುತ್ತಿತ್ತೇನೋ, ಕುಂಟುತ್ತಿದ್ದಳು. ಕಲ್ಲಿನ ಹತ್ತಿರ ರೇಷನ್ ಕಾರ್ಡು ತೆಗೆದು ಅವಳ ಕೈಯಲ್ಲಿಟ್ಟೆ. ಅವಳು ಓದಿದಳು. ಮಡಚಿ ಸೆರಗಿನ ತುದಿಗೆ ಗಂಟು ಹಾಕಿ ಸೊಂಟಕ್ಕೆ ಸಿಕ್ಕಿಸಿಕೊಂಡಳು.

“ಅಕ್ಕಾ ಅನ್ನೇ” ಎಂದೆ. “ಆವತ್ತು ಬಾಯಿ ಮುಚ್ಚಿಸಿಬಿಟ್ಟೆ. ತಪ್ಪಾಯ್ತು ಕಣೇ. ಒಂದು ಸಲ ಅನ್ನು, ಕೇಳಿಸ್ಕೋತೀನಿ.”

“ಈಗ ಅನ್ನಲ್ಲ.”

“ಯಾಕೆ?”

“ಈಗ ಅಂದ್ರೆ ಹೋಗಿಬರ್ತೀನಿ ಅಂದ ಹಾಗಾಗುತ್ತೆ. ಅವರು ಕಲ್ಲು ದಾಟಿ ಒಳಗೆ ಬರ್ಲಿ. ಆಮೇಲೂ ನಾನು ಇದ್ರೆ ಅಂತೀನಿ.”

ಬಸ್ಸು ಬಂತು. ವನಮಾಲೆ ಇಳಿದಳು. ತಲೆ ಪೂರ್ತಿ ಬೆಳ್ಳಗೆ, ಟ್ರಂಕು ಮಾತ್ರ ಅದೇ. ನನ್ನ ವನುವೇ ಅದು, ನಡಿಗೆಯಲ್ಲೇ ಗೊತ್ತಾಯಿತು. ಅವಳ ಹಿಂದೆಯೇ ದಪ್ಪನೆಯ ಹೆಂಗಸೊಬ್ಬಳು ಕಂಡಕ್ಟರನಿಗೆ ಬಯ್ಯುತ್ತಾ ಇಳಿದಳು. ಇಳಿದವಳು ವನಮಾಲೆಗೂ ಶುರುಹಚ್ಚಿಕೊಂಡಳು, “ಟೋಪಿ ಹಾಕ್ಕೋ ಅಂತ ಬಡ್ಕೊಂಡೆ, ಕೇಳಿದ್ಯಾ? ನೆಗಡಿ ಆದ್ರೆ ನನ್ನ ಹತ್ರ ಬರಬೇಡ.” ಆ ದನಿ, ಆ ಧಾಟಿ ಎಲ್ಲೋ ಕೇಳಿದ್ದೇನಲ್ಲ ಎಂದುಕೊಂಡೆ. ಸೇವಂತಿ ನನ್ನ ಕಡೆ ನೋಡಿ ಸಣ್ಣಗೆ ನಕ್ಕಳು.

ವನಮಾಲೆ ಕಲ್ಲಿನಾಚೆಯೇ ನಿಂತಳು. ನಮ್ಮಿಬ್ಬರ ಮಧ್ಯೆ ಒಂದು ಮಾರು ದೂರ.

“ಅಕ್ಕಾ, ಇವಳು ತುಂಗಮ್ಮ. ಆವತ್ತು ಕಲ್ಲು ದಾಟಿದ ಕೂಡಲೇ ಪಕ್ಕದಲ್ಲಿ ನಡೀತಿದ್ಲು. ಬಯ್ಯೋಕೂ ಶುರು ಮಾಡಿದ್ಲು.” ಅವಳ ಕಣ್ಣು ತುಂಬಿತ್ತು. “ನಿನ್ನ ಬಾಯಿಗೆ ಹೆದರಿ ಬರ್ಲಿಲ್ಲ ಅಂದ್ಕೊಂಡಿದ್ಯಾ? ಬಂದ್ರೆ ಇವಳು ಇಲ್ಲದೆ ಹೋಗ್ತಾಳೇನೋ ಅಂತ. ಎಷ್ಟು ಸಲ ಟಿಕೆಟ್ ತಗೊಂಡು ಹರಿದುಹಾಕಿದೀನಿ ಗೊತ್ತಾ? ಈ ಸಲ ಇವಳೇ ಎಳ್ಕೊಂಡು ಬಂದ್ಲು. ಸತ್ತ ಮೇಲೆ ಹೋಗ್ತೀಯಾ ಅಂತ ಬಯ್ದು.”

ಇಪ್ಪತ್ತೇಳು ವರ್ಷ ನಾನು ಅದನ್ನು ಮುನಿಸು ಎಂದುಕೊಂಡಿದ್ದೆ. ಅಯ್ಯೋ ದೇವರೇ, ಅಷ್ಟು ವರ್ಷ ಇಬ್ಬರೂ ಒಂದೇ ಭಯಕ್ಕೆ ಕಾವಲು ಕೂತಿದ್ದೆವು, ಅವಳಿಗೆ ಗೊತ್ತಿದ್ದು, ನನಗೆ ಗೊತ್ತಿಲ್ಲದೆ. ಅಳು ಬಂತು, ನಡುರಸ್ತೆಯಲ್ಲಿ, ಬಸ್ಸಿನವರೆಲ್ಲ ನೋಡುತ್ತಿದ್ದಂತೆಯೇ ಅತ್ತೆ.

“ಬರ್ಲಾ ಅಕ್ಕಾ?” ಎಂದಳು ವನು. ತುಂಗಮ್ಮನ ಕೈಯನ್ನು ಎರಡೂ ಕೈಯಿಂದ ಹಿಡಿದಿದ್ದಳು. ತುಂಗಮ್ಮ ಈಗ ಬಯ್ಯುತ್ತಿರಲಿಲ್ಲ.

ನಾನು ಸೇವಂತಿಯ ಮಣಿಕಟ್ಟು ಹಿಡಿದೆ. ಅಷ್ಟು ವರ್ಷಗಳಲ್ಲಿ ನಾನಾಗಿ ಅವಳನ್ನು ಮುಟ್ಟಿದ್ದು ಅದೇ ಮೊದಲೇನೋ. ಅವಳ ಬಳೆ ನನ್ನ ಅಂಗೈಗೆ ಒತ್ತಿತು. “ಬಾ” ಎಂದೆ. ಹೇಳಿ ಕಣ್ಣು ಮುಚ್ಚಿಕೊಂಡೆ. ಕಣ್ಣಿನಿಂದಲೇ ಅನ್ನ ತಿಂದವಳಿಗೆ ಆ ಹೊತ್ತು ನೋಡುವ ಧೈರ್ಯವಾಗಲಿಲ್ಲ.

ಚಪ್ಪಲಿಯ ಸದ್ದು ಕೇಳಿತು. ಒಂದು ಹೆಜ್ಜೆ, ಇನ್ನೊಂದು. ಟ್ರಂಕು ನೆಲಕ್ಕೆ ಇಟ್ಟ ಸದ್ದು. ಆಮೇಲೆ ಏನೂ ಇಲ್ಲ. ನನ್ನ ಕೈಯಲ್ಲಿ ಮಣಿಕಟ್ಟು ಇದೆಯೋ, ನನ್ನ ಬೆರಳುಗಳನ್ನೇ ನಾನು ಬಿಗಿಹಿಡಿದಿದ್ದೇನೋ, ಅದೂ ತಿಳಿಯದಷ್ಟು ಕೈ ಮರಗಟ್ಟಿತ್ತು. ತುಂಗಮ್ಮ ಗೊಣಗುವುದು ಕೇಳಿಸಿತು, “ಬಿಡೇ ಕೈ, ನೋಯುತ್ತೆ.”

ಆಮೇಲೆ “ಅಕ್ಕಾ” ಎಂಬ ಕೂಗು ಕೇಳಿತು. ಒಂದು ದನಿ ಎದುರಿನಿಂದ, ಒಂದು ದನಿ ಪಕ್ಕದಿಂದ, ಎರಡೂ ಒಟ್ಟಿಗೆ. ಕಣ್ಣು ಬಿಡುವುದಕ್ಕೂ ಕಾಯದೆ ಇಬ್ಬರಿಗೂ ಸೇರಿಸಿ “ಓ” ಎಂದೆ.